ಹವಳದ ಅಕ್ವೇರಿಯಂಗೆ ಟ್ರಿಗರ್ ಮೀನು: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಸಿಹಿನೀರಿನಲ್ಲಿ ಗಪ್ಪಿ, ಗೋಲ್ಡ್ ಫಿಶ್, ಕೋಯಿ ಸಾಕಿ ಕೈ ಪಳಗಿದವರು ಮುಂದಿನ ಹೆಜ್ಜೆಯಾಗಿ ಸಮುದ್ರದ ನೀರಿನ ಅಕ್ವೇರಿಯಂ ಮಾಡಲು ಮನಸ್ಸು ಮಾಡುತ್ತಾರೆ. ಹವಳ, ಅನಿಮೋನ್, ಬಣ್ಣದ ಸಿಗಡಿ ಎಲ್ಲ ಇರುವ ತೊಟ್ಟಿ ನೋಡಲು ಬಲು ಚೆಂದ. ಮೀನು ಕೊಳ್ಳಲು ಅಂಗಡಿಗೆ ಹೋದರೆ ಬಹಳ ಜನರ ಕಣ್ಣು ಮೊದಲು ಹೋಗುವುದು ಟ್ರಿಗರ್ ಮೀನಿನ ಮೇಲೆ. ಒಳ್ಳೆಯ ಬಣ್ಣ, ಗಟ್ಟಿ ಜೀವ, ಗಾಜಿನ ಹತ್ತಿರ ಹೋದರೆ ನಮ್ಮನ್ನೇ ತಿರುಗಿ ನೋಡುತ್ತದೆ. ಮನೆಗೆ ತಂದು ಬಿಟ್ಟ ಮೇಲೆ ಒಂದೊಂದಾಗಿ ಸಿಗಡಿ ಮಾಯ, ಬಸವನಹುಳು ಮಾಯ, ಸಣ್ಣ ಮೀನುಗಳ ಬಾಲ ಮಾಯ. ಆಮೇಲೆ "ಟ್ರಿಗರ್ ಅಂದ್ರೆ ರಾಕ್ಷಸ, ಹವಳದ ತೊಟ್ಟಿಗೆ ಆಗಲ್ಲ" ಎಂಬ ತೀರ್ಮಾನಕ್ಕೆ ಬರುತ್ತಾರೆ.

ಈ ತೀರ್ಮಾನ ಅರ್ಧ ಸರಿ, ಅರ್ಧ ತಪ್ಪು. ಟ್ರಿಗರ್ ಕುಟುಂಬದಲ್ಲಿ ಸುಮಾರು 40 ಜಾತಿಗಳಿವೆ. ಎಲ್ಲದರ ಗುಣ ಒಂದೇ ಅಲ್ಲ. ಹಸು, ಮೇಕೆ ಎರಡೂ ಮೆಲುಕು ಹಾಕುವ ಪ್ರಾಣಿಗಳೇ. ಆದರೆ ಹಸುವನ್ನು ತೋಟದೊಳಗೆ ಹುಲ್ಲಿಗೆ ಕಟ್ಟಿದ ಹಾಗೆ ಮೇಕೆಯನ್ನು ಮಲ್ಲಿಗೆ ಗಿಡಗಳ ನಡುವೆ ಬಿಡುತ್ತೇವೆಯೇ? ಹಸು ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ, ಮೇಕೆ ತಲೆ ಎತ್ತಿ ಚಿಗುರಿಗೆ ಬಾಯಿ ಹಾಕುತ್ತದೆ. ಟ್ರಿಗರ್ ವಿಷಯದಲ್ಲೂ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಈ ಮೀನು ಸಮುದ್ರದಲ್ಲಿ ಏನು ತಿಂದು ಬದುಕುತ್ತದೆ? ಅದಕ್ಕೆ ಉತ್ತರ ಸಿಕ್ಕರೆ ಕೊಳ್ಳುವುದೋ ಬಿಡುವುದೋ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ಟ್ರಿಗರ್ ಎಂಬ ಹೆಸರು ಏಕೆ?

ಈ ಮೀನಿನ ಬೆನ್ನಿನ ಮೇಲೆ ಗಟ್ಟಿಯಾದ ಮುಳ್ಳುಗಳಿವೆ. ಹೆದರಿದಾಗ ಮೊದಲನೆಯ ದೊಡ್ಡ ಮುಳ್ಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಹಿಂದಿನ ಎರಡನೆಯ ಮುಳ್ಳು ಅದಕ್ಕೆ ಅಗುಳಿ ಹಾಕಿದ ಹಾಗೆ ಕೂರುತ್ತದೆ. ಮೊದಲನೆಯದನ್ನು ಎಷ್ಟೇ ಒತ್ತಿದರೂ ಬಗ್ಗುವುದಿಲ್ಲ. ಎರಡನೆಯದನ್ನು ಒತ್ತಿದರೆ ಬಂದೂಕಿನ ಕುದುರೆ ಎಳೆದಂತೆ ಮೊದಲನೆಯದು ಮಡಚಿಕೊಳ್ಳುತ್ತದೆ. ಹೆಸರು ಬಂದದ್ದು ಹೀಗೆ. ರಾತ್ರಿ ಮಲಗುವಾಗಲೂ ಅಪಾಯ ಬಂದಾಗಲೂ ಕಲ್ಲಿನ ಸಂದಿಗೆ ನುಗ್ಗಿ ಮುಳ್ಳು ಎಬ್ಬಿಸಿಕೊಂಡರೆ ಆಯ್ತು, ಯಾರಿಂದಲೂ ಎಳೆಯಲು ಆಗುವುದಿಲ್ಲ.

ಇದರಿಂದ ಸಾಕುವವರು ತಿಳಿಯಬೇಕಾದ್ದು ಎರಡು. ಒಂದು, ಟ್ರಿಗರನ್ನು ಬಲೆಯಲ್ಲಿ ಹಿಡಿಯಬಾರದು. ಮುಳ್ಳು ಬಲೆಗೆ ಸಿಕ್ಕಿಕೊಂಡು ಮೀನು ಗಾಯಗೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಬೇಕು. ಎರಡು, ತೊಟ್ಟಿಗೆ ಒಮ್ಮೆ ಬಿಟ್ಟ ಟ್ರಿಗರನ್ನು ಮತ್ತೆ ಹಿಡಿಯುವುದು ಸುಲಭದ ಕೆಲಸವಲ್ಲ. ಕಟ್ಟಿದ ಕಲ್ಲನ್ನೆಲ್ಲ ಬಿಚ್ಚಬೇಕಾಗುತ್ತದೆ. ಹಾಗಾಗಿ ಯೋಚನೆಯೆಲ್ಲ ಕೊಳ್ಳುವ ಮೊದಲೇ ಆಗಬೇಕು.

ಜಗಳಗಂಟ ಗುಣ ಎಲ್ಲಿಂದ ಬಂತು?

ಬಹುಪಾಲು ಟ್ರಿಗರ್‌ಗಳು ಸಮುದ್ರದ ತಳದಲ್ಲಿ ಚಿಪ್ಪಿನ ಜೀವಿಗಳನ್ನು ಒಡೆದು ತಿನ್ನುವವು. ಏಡಿ, ಸಿಗಡಿ, ಕಪ್ಪೆಚಿಪ್ಪು, ಮುಳ್ಳುಮುಳ್ಳಾದ ಸೀ ಅರ್ಚಿನ್ ಇವುಗಳ ಊಟ. ಬಾಯಿ ಚಿಕ್ಕದು, ಆದರೆ ದವಡೆ ಇಕ್ಕಳದ ಹಾಗೆ. ಸೀ ಅರ್ಚಿನ್ ಸಿಕ್ಕರೆ ಬಾಯಿಯಿಂದ ನೀರು ಊದಿ ಅದನ್ನು ಮಗುಚಿ, ಮುಳ್ಳು ಕಡಿಮೆ ಇರುವ ಕೆಳಭಾಗದಿಂದ ತಿನ್ನುವಷ್ಟು ಬುದ್ಧಿ ಇದೆ. ಕಲ್ಲು ಎತ್ತಿ ಹಾಕುವುದು, ಮರಳು ಊದುವುದು, ಹೊಸ ವಸ್ತು ಕಂಡರೆ ಕಚ್ಚಿ ನೋಡುವುದು, ಎಲ್ಲ ಊಟ ಹುಡುಕುವ ರೀತಿ. ನಾವು ಅದನ್ನು ತುಂಟತನ ಎನ್ನುತ್ತೇವೆ.

ಎರಡನೆಯ ಕಾರಣ ಗಡಿ ಕಾಯುವ ಗುಣ. ಟೈಟನ್ ಟ್ರಿಗರ್ ಎಂಬ ಜಾತಿ 75 ಸೆಂ.ಮೀ.ವರೆಗೆ ಬೆಳೆಯುತ್ತದೆ. ಮರಳಿನಲ್ಲಿ ಗುಳಿ ಮಾಡಿ ಮೊಟ್ಟೆ ಇಟ್ಟಾಗ ಹತ್ತಿರ ಬಂದ ಮುಳುಗುಗಾರರನ್ನೂ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಸಮುದ್ರದಲ್ಲಾದರೆ ಪೆಟ್ಟು ತಿಂದವನು ಓಡಿಹೋಗಬಹುದು. ನಾಲ್ಕು ಅಡಿ ಗಾಜಿನ ತೊಟ್ಟಿಯಲ್ಲಿ ಓಡಲು ಜಾಗ ಎಲ್ಲಿದೆ? ಜಗಳ ಸಾವಿನಲ್ಲಿ ಮುಗಿಯುವುದು ಇದರಿಂದಲೇ.

ಹವಳದ ತೊಟ್ಟಿಗೆ ಬಿಡಬಾರದ ಜಾತಿಗಳು

- ಅಂಡುಲೇಟೆಡ್ ಟ್ರಿಗರ್: ಹಸಿರು ಮೈಗೆ ಕಿತ್ತಳೆ ಗೆರೆ. ಸುಮಾರು 30 ಸೆಂ.ಮೀ. ಬೆಳೆಯುತ್ತದೆ. ಸಾಕುವ ಟ್ರಿಗರ್‌ಗಳಲ್ಲಿ ಅತಿ ಜಗಳಗಂಟ. ಇದಕ್ಕೆ ಒಂಟಿ ತೊಟ್ಟಿಯೇ ಸರಿ.
- ಕ್ಲೌನ್ ಟ್ರಿಗರ್: ಕಪ್ಪು ಮೈ, ಹೊಟ್ಟೆಯ ಮೇಲೆ ದೊಡ್ಡ ಬಿಳಿ ಚುಕ್ಕೆ, ಹಳದಿ ಬಾಯಿ. ಜನ ಮರುಳಾಗುವುದು ಇದಕ್ಕೇ. ಮರಿಯಾಗಿದ್ದಾಗ ಸಾಧು. 50 ಸೆಂ.ಮೀ.ವರೆಗೆ ಬೆಳೆಯುವ ಮೀನಿದು, ದೊಡ್ಡದಾದಂತೆ ಗುಣ ಬದಲಾಗುತ್ತದೆ. ವರ್ಷಗಟ್ಟಲೆ ಜೊತೆಗಿದ್ದ ಮೀನನ್ನೂ ಒಂದು ದಿನ ಕಚ್ಚಿ ಹಾಕಬಹುದು.
- ಪಿಕಾಸೊ ಟ್ರಿಗರ್: ಚಿತ್ರ ಬಿಡಿಸಿದ ಹಾಗೆ ಮೈಬಣ್ಣ. ಮೇಲಿನ ಎರಡಕ್ಕಿಂತ ಸೌಮ್ಯ, ಆದರೆ ತಳ ಕೆದಕಿ ತಿನ್ನುವ ಜಾತಿ. ದೊಡ್ಡ ಮೀನುಗಳ ಜೊತೆ ಬಾಳೀತು, ಸಿಗಡಿ, ಏಡಿ, ಬಸವನಹುಳುಗಳ ಜೊತೆ ಬಾಳದು.
- ಟೈಟನ್ ಮತ್ತು ಕ್ವೀನ್ ಟ್ರಿಗರ್: ಇವು ಮನೆಯ ತೊಟ್ಟಿಯ ಮೀನುಗಳೇ ಅಲ್ಲ. ಕ್ವೀನ್ ಕೂಡ 60 ಸೆಂ.ಮೀ. ದಾಟಬಹುದಾದ ಗಾತ್ರ.

ಬಿಡಬಹುದಾದ ಜಾತಿಗಳು

ಕೆಲವು ಟ್ರಿಗರ್‌ಗಳು ತಳ ಬಿಟ್ಟು ನೀರಿನ ನಡುವೆ ಈಜುತ್ತಾ, ಹರಿವಿನಲ್ಲಿ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಇವಕ್ಕೆ ಹವಳ ಕಚ್ಚುವ ಅಭ್ಯಾಸ ಕಡಿಮೆ.

- ಬ್ಲೂ ಥ್ರೋಟ್ ಟ್ರಿಗರ್: ಹವಳದ ತೊಟ್ಟಿಗೆ ನನ್ನ ಮೊದಲ ಆಯ್ಕೆ. ಗಂಡಿನ ಗಂಟಲಿಗೆ ನೀಲಿ ಬಣ್ಣ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಗುರುತು ಹಿಡಿಯುವುದು ಸುಲಭವಾದ್ದರಿಂದ ಒಂದು ಗಂಡು, ಒಂದು ಹೆಣ್ಣು ಜೋಡಿ ಮಾಡಿ ಬಿಡಬಹುದು. ಎರಡು ಗಂಡು ಬೇಡ.
- ಕ್ರಾಸ್ ಹ್ಯಾಚ್ ಟ್ರಿಗರ್: ಬ್ಲೂ ಥ್ರೋಟ್‌ನ ಹತ್ತಿರದ ನೆಂಟ, ಗುಣವೂ ಹಾಗೆಯೇ. ಬೆಲೆ ಮಾತ್ರ ಜಾಸ್ತಿ.
- ನೈಜರ್ ಟ್ರಿಗರ್: ಕಡು ನೀಲಿ ಮೈ, ಕತ್ತರಿಯಂಥ ಉದ್ದ ಬಾಲ, ಬೆಳೆದಾಗ ಕೆಂಪು ಹಲ್ಲು. ಹವಳದ ತಂಟೆಗೆ ಹೋಗುವುದು ಅಪರೂಪ. ಆದರೆ ಬಾಲ ಸೇರಿ 50 ಸೆಂ.ಮೀ.ವರೆಗೂ ಬೆಳೆಯಬಲ್ಲದು ಎಂಬುದನ್ನು ಮರೆಯಬಾರದು.
- ಪಿಂಕ್ ಟೇಲ್ ಮತ್ತು ಇಂಡಿಯನ್ ಟ್ರಿಗರ್: ಪಾಚಿಯನ್ನೂ ತಿನ್ನುತ್ತವೆ. ಪಿಂಕ್ ಟೇಲ್ 40 ಸೆಂ.ಮೀ.ವರೆಗೆ ಬೆಳೆಯುತ್ತದೆ, ಇಂಡಿಯನ್ ಅದಕ್ಕಿಂತ ಚಿಕ್ಕದು.

'ಬಿಡಬಹುದು' ಎಂದರೆ ಹವಳಕ್ಕೆ ತೊಂದರೆ ಕಡಿಮೆ ಎಂದಷ್ಟೇ ಅರ್ಥ. ಸಣ್ಣ ಸಿಗಡಿ, ಸನ್ಯಾಸಿ ಏಡಿ, ಚಿಕ್ಕ ಬಸವನಹುಳುಗಳಿಗೆ ಯಾವ ಟ್ರಿಗರ್ ಇದ್ದರೂ ಖಾತರಿ ಇಲ್ಲ. ಅವು ಬೇಕೇಬೇಕು ಅನ್ನುವವರು ಟ್ರಿಗರ್ ಆಸೆ ಬಿಡುವುದು ಒಳ್ಳೆಯದು.

ನಮ್ಮ ಕರಾವಳಿಯ ಕಾರ್ಗಿಲ್ ಮೀನು

ಮಲ್ಪೆ, ಮಂಗಳೂರು ಕಡೆಯ ಬೋಟಿನವರಿಗೆ ನೈಜರ್ ಟ್ರಿಗರ್ ಹೊಸದಲ್ಲ. ಅವರು ಇದನ್ನು ಕಾರ್ಗಿಲ್ ಮೀನು ಎನ್ನುತ್ತಾರೆ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಬಲೆಗೆ ಬೀಳತೊಡಗಿತು, ಅದಕ್ಕೇ ಈ ಹೆಸರು ಎಂಬುದು ಮೀನುಗಾರರ ಮಾತು. ರಾಶಿ ರಾಶಿ ಬಂದರೂ ಊಟಕ್ಕೆ ಬೇಡಿಕೆ ಕಡಿಮೆ. ಹೆಚ್ಚಿನದು ಫಿಶ್ ಮೀಲ್ ಕಾರ್ಖಾನೆಗೆ ಹೋಗುತ್ತದೆ.

ಹಾಗಂತ ಬೋಟಿನಿಂದ ಜೀವಂತ ಮೀನು ಪುಕ್ಕಟೆ ತಂದು ತೊಟ್ಟಿಗೆ ಬಿಡುವ ಯೋಚನೆ ಬೇಡ. ಟ್ರಾಲ್ ಬಲೆಯಲ್ಲಿ ಬಂದ ಮೀನು ಇತರ ಮೀನುಗಳ ರಾಶಿಯಡಿ ಜಜ್ಜಿರುತ್ತದೆ. ಆಳದಿಂದ ಒಮ್ಮೆಲೇ ಮೇಲೆಳೆದಾಗ ಒಳಗಿನ ಗಾಳಿಚೀಲಕ್ಕೆ ಪೆಟ್ಟಾಗಿರುತ್ತದೆ. ಬಕೆಟ್ಟಿನಲ್ಲಿ ಈಜುತ್ತಿದ್ದರೂ ಉಳಿಯುವ ಭರವಸೆ ಇಲ್ಲ. ಜೊತೆಗೆ ರೋಗವೂ ಮನೆಗೆ ಬರುತ್ತದೆ. ಅಂಗಡಿಯಲ್ಲಿ ಆಹಾರ ತಿನ್ನಲು ಕಲಿತ, 8ರಿಂದ 10 ಸೆಂ.ಮೀ. ಮರಿಯನ್ನೇ ಆರಿಸಿ. ಕೊಳ್ಳುವ ಮೊದಲು ನಿಮ್ಮೆದುರೇ ಆಹಾರ ಹಾಕಿಸಿ ನೋಡಿ. ತಿನ್ನದ ಟ್ರಿಗರ್, ಹೊಟ್ಟೆ ಒಳಗೆ ಹೋದ ಟ್ರಿಗರ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಹವಳ ಕೊಳ್ಳುವ ಮೊದಲು ಕಾನೂನು ತಿಳಿಯಿರಿ

ಗಟ್ಟಿ ಹವಳಗಳ ಎಲ್ಲ ಜಾತಿಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಇವೆಲ್ಲ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ. ಅಂದ್ರೆ ಹುಲಿ, ಆನೆಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ನಮ್ಮ ಸಮುದ್ರದಿಂದ ಕಿತ್ತು ತಂದ ಹವಳವನ್ನು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. 'ಲೈವ್ ರಾಕ್' ಎಂದು ಮಾರುವ ಕಲ್ಲು ಕೂಡ ಬಹುತೇಕ ಹವಳದ ಅಸ್ಥಿಯೇ. ವಿದೇಶದಿಂದ ಬರುವ ಗಟ್ಟಿ ಹವಳಕ್ಕೂ ಅಂತರರಾಷ್ಟ್ರೀಯ ಒಪ್ಪಂದದಡಿ ಪರವಾನಗಿ ಬೇಕು. ಬಿಲ್ಲು, ಮೂಲದ ದಾಖಲೆ ಕೊಡದ ವ್ಯಾಪಾರಿಯಿಂದ ಯಾವುದನ್ನೂ ಕೊಳ್ಳಬೇಡಿ.

ತಳಪಾಯಕ್ಕೆ ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ಕೃತಕ ಕಲ್ಲು ಸಾಕು. ಸಿಮೆಂಟ್ ಕಲ್ಲಾದರೆ ಹೊಸ ನೀರಿನ ತೊಟ್ಟಿಯನ್ನು ಹದ ಮಾಡಿದಂತೆ ವಾರಗಟ್ಟಲೆ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ, ಕ್ಷಾರ ಇಳಿದ ಮೇಲೆ ಬಳಸಬೇಕು. ಟ್ರಿಗರ್ ಇರುವ ತೊಟ್ಟಿಗೆ ಈ ಕಲ್ಲು ಇನ್ನೂ ಅನುಕೂಲ. ಬೇಕಾದ ಗಾತ್ರದ ಪೊಟರೆ ಇಟ್ಟು ಮಾಡಿಸಿಕೊಳ್ಳಬಹುದು.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ. ಬ್ಲೂ ಥ್ರೋಟ್‌ಗೆ ಕನಿಷ್ಠ 5 ಅಡಿ ಉದ್ದ, 450 ಲೀಟರ್ ನೀರು ಹಿಡಿಯುವ ತೊಟ್ಟಿ ಬೇಕು. ನೈಜರ್, ಪಿಂಕ್ ಟೇಲ್‌ಗೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಇದರಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿ ತೂಕ ಒಂದು ಟನ್ ಹತ್ತಿರ ಹೋಗುತ್ತದೆ. ಮರದ ಅಟ್ಟದ ಹಳೆಯ ಮನೆಗಳಲ್ಲಿ ಮಹಡಿ ಮೇಲೆ ಇಡುವಂತಿಲ್ಲ. ನೆಲಮಾಳಿಗೆಯಲ್ಲೋ ನೆಲ ಅಂತಸ್ತಿನಲ್ಲೋ, ಬಿಸಿಲು ಬೀಳದ ಗಟ್ಟಿ ನೆಲದ ಮೇಲೆ ಇಡಿ.

ಕಲ್ಲು ಜೋಡಿಸುವಾಗ ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಇಟ್ಟರೆ ಟ್ರಿಗರ್ ಅಡಿಯಿಂದ ಕೆದಕಿ ಬೀಳಿಸುತ್ತದೆ, ಗಾಜು ಒಡೆಯಬಹುದು. ಹವಳದ ತುಂಡುಗಳನ್ನು ಅಕ್ವೇರಿಯಂ ಅಂಟಿನಿಂದ ಕಲ್ಲಿಗೆ ಕೂರಿಸಿ. ಗಾಜಿನ ಹೀಟರ್ ಇದ್ದರೆ ಅದಕ್ಕೆ ರಕ್ಷಾ ಕವಚ ಹಾಕಿ. ವೈರುಗಳನ್ನು ಮೀನಿನ ಬಾಯಿಗೆ ಸಿಗದಂತೆ ಪೈಪಿನೊಳಗೆ ತನ್ನಿ. ವಿದ್ಯುತ್ ಸಂಪರ್ಕಕ್ಕೆ ಇ.ಎಲ್.ಸಿ.ಬಿ. ಕಡ್ಡಾಯ ಎಂದೇ ತಿಳಿಯಿರಿ. ಉಪ್ಪುನೀರು, ಕಚ್ಚಿದ ವೈರು, ನಮ್ಮ ಕೈ ಮೂರೂ ಸೇರಿದರೆ ಮೀನಿಗಿಂತ ಮೊದಲು ನಮ್ಮ ಜೀವಕ್ಕೆ ಅಪಾಯ.

ನೀರಿನ ಹದ

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಅಮೋನಿಯಾ ಆಗಿ, ನೈಟ್ರೈಟ್ ಆಗಿ, ಕೊನೆಗೆ ಬೆಳೆ ಎಳೆದುಕೊಳ್ಳುವ ನೈಟ್ರೇಟ್ ಆಗುವುದು ಕೃಷಿಕರಿಗೆ ಗೊತ್ತಿರುವ ಸಂಗತಿ. ತೊಟ್ಟಿಯಲ್ಲೂ ಬ್ಯಾಕ್ಟೀರಿಯಾ ಮಾಡುವುದು ಇದೇ ಕೆಲಸ. ಮೀನಿನ ಹಿಕ್ಕೆಯ ಅಮೋನಿಯಾ ವಿಷ, ನೈಟ್ರೈಟೂ ವಿಷ. ಬ್ಯಾಕ್ಟೀರಿಯಾ ಬೆಳೆದು ಇವೆರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬಾರದು.

- ಉಷ್ಣತೆ: 24ರಿಂದ 27 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಹವಳ ಉಳಿಸುವುದು ಕಷ್ಟ.
- ಸಾಪೇಕ್ಷ ಸಾಂದ್ರತೆ: 1.025ರ ಆಸುಪಾಸು.
- ಪಿ.ಎಚ್.: 8.1ರಿಂದ 8.4.
- ಅಮೋನಿಯಾ, ನೈಟ್ರೈಟ್: ಸೊನ್ನೆ.
- ನೈಟ್ರೇಟ್: ಹವಳ ಇದ್ದರೆ 10 ಪಿ.ಪಿ.ಎಂ. ಒಳಗೆ ಇಡಲು ಪ್ರಯತ್ನಿಸಿ.
- ಕ್ಯಾಲ್ಸಿಯಂ: 400ರಿಂದ 450 ಪಿ.ಪಿ.ಎಂ.

ಅಡುಗೆ ಉಪ್ಪಿನಿಂದ ಸಮುದ್ರದ ನೀರು ಆಗುವುದಿಲ್ಲ. ಅಕ್ವೇರಿಯಂ ಉಪ್ಪನ್ನು ಲೀಟರಿಗೆ 35ರಿಂದ 38 ಗ್ರಾಂನಂತೆ ಆರ್.ಓ. ನೀರಿಗೆ ಬೆರೆಸಬೇಕು. 680 ಲೀಟರಿಗೆ ಸುಮಾರು 25 ಕಿಲೋ ಉಪ್ಪು. ಬೋರ್‌ವೆಲ್ ನೀರನ್ನು ನೇರ ಬಳಸಬೇಡಿ. ಕರಾವಳಿಯವರು ದಡದಿಂದ ನೀರು ತರುವುದಿದ್ದರೆ ಮಳೆಗಾಲದಲ್ಲಿ ಖಂಡಿತ ಬೇಡ. ಹೊಳೆಗಳ ಸಿಹಿನೀರು ಸೇರಿ ಉಪ್ಪಿನಂಶ ಇಳಿದಿರುತ್ತದೆ, ಕೆಸರೂ ಕೊಳೆಯೂ ಜೊತೆಗಿರುತ್ತವೆ. ಆವಿಯಾದ ನೀರಿಗೆ ಬದಲಾಗಿ ಬರೀ ಆರ್.ಓ. ನೀರು ತುಂಬಿ. ಉಪ್ಪು ಆವಿಯಾಗುವುದಿಲ್ಲ, ತೊಟ್ಟಿಯಲ್ಲೇ ಉಳಿದಿರುತ್ತದೆ. ಟ್ರಿಗರ್ ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುವ ಮೀನು. ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಇರಲಿ, 15 ದಿನಕ್ಕೊಮ್ಮೆ ಶೇ. 10ರಿಂದ 15 ನೀರು ಬದಲಿಸಿ.

ಅಡಿಕೆ ಬೆಳೆಗಾರರಿಗೆ ಒಂದು ವಿಶೇಷ ಸೂಚನೆ. ಬೋರ್ಡೋ ದ್ರಾವಣ ಮುಟ್ಟಿದ ಕೈಯನ್ನು, ಆ ಬಕೆಟ್, ಪೈಪುಗಳನ್ನು ತೊಟ್ಟಿಯ ಹತ್ತಿರ ತರಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಸ್ವಲ್ಪವೇ ಸೇರಿದರೂ ಹವಳ, ಸಿಗಡಿ ಸಾಯುತ್ತವೆ. ಕೀಟನಾಶಕವೂ ಅಷ್ಟೇ.

ಮೀನು ಬಿಡುವ ಕ್ರಮ

ಟ್ರಿಗರ್ ಯಾವಾಗಲೂ ಕೊನೆಗೆ. ಮೊದಲು ಹವಳ, ಸಿಗಡಿ. ನಂತರ ಸೌಮ್ಯ ಮೀನು. ಅವು ತಮ್ಮ ತಮ್ಮ ಜಾಗ ಹಿಡಿದ ಮೇಲೆ ಟ್ರಿಗರ್ ಮರಿ. ಕೊನೆಗೆ ಬಂದವನಿಗೆ "ಇದು ನನ್ನ ಮನೆ" ಎಂಬ ಗರ್ವ ಕಡಿಮೆ. ಮೊದಲೇ ಬಿಟ್ಟರೆ ಆಮೇಲೆ ಬರುವ ಪ್ರತಿ ಮೀನೂ ಅದಕ್ಕೆ ಕಳ್ಳನೇ.

ತೊಟ್ಟಿಗೆ ಬಿಡುವ ಮೊದಲು 4 ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ ಚಿಕಿತ್ಸೆ ಅಲ್ಲೇ ಆಗಬೇಕು. ಇದಕ್ಕೆ ಬಳಸುವ ತಾಮ್ರದ ಔಷಧಿಯನ್ನು ಹವಳದ ತೊಟ್ಟಿಗೆ ಹಾಕುವಂತಿಲ್ಲ.

ಜೊತೆಗೆ ಟ್ಯಾಂಗ್, ರ‍್ಯಾಬಿಟ್ ಫಿಶ್, ದೊಡ್ಡ ರಾಸ್ ಮೀನುಗಳು ಆಗುತ್ತವೆ. ಸಣ್ಣ ಗೋಬಿ ಬೇಡ. ನಿಧಾನಗತಿಯ ಕಡಲ್ಗುದುರೆಯನ್ನಂತೂ ಯೋಚಿಸಲೇಬೇಡಿ, ಅದೂ ಕಾನೂನಿನಡಿ ರಕ್ಷಿತ ಜೀವಿ.

ಆಹಾರ

ಹಸಿದ ಟ್ರಿಗರ್ ಕೆಟ್ಟ ಟ್ರಿಗರ್. ದಿನಕ್ಕೆ 2-3 ಸಲ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸ್ವಲ್ಪ ಸ್ವಲ್ಪ ಕೊಡಿ. ಸಿಗಡಿ, ಬೊಂಡಾಸ್, ಮರುವಾಯಿ ಮಾಂಸವನ್ನು ತೊಳೆದು, ಕೆಲವು ದಿನ ಫ್ರೀಜರಿನಲ್ಲಿಟ್ಟು, ಸಣ್ಣಗೆ ಕತ್ತರಿಸಿ ಹಾಕಿ. ವಾರಕ್ಕೊಂದೆರಡು ಸಲ ಸಿಪ್ಪೆ ಸಮೇತ ಸಿಗಡಿ ಕೊಟ್ಟರೆ ಹಲ್ಲು ಸವೆಯುತ್ತದೆ. ನೈಜರ್, ಪಿಂಕ್ ಟೇಲ್‌ಗೆ ಒಣ ಕಡಲಪಾಚಿಯೂ ಬೇಕು. ಕೋಳಿ, ಕುರಿ ಮಾಂಸ ಬೇಡ. ಕೈಯಿಂದ ತಿನ್ನಿಸುವ ಚಟ ಬೇಡ, ಇಕ್ಕಳ ಬಳಸಿ. ಬೆರಳು ಯಾವುದು, ಸಿಗಡಿ ಯಾವುದು ಅಂತ ಅದು ನೋಡುವುದಿಲ್ಲ.

ಜಗಳ ಶುರುವಾದರೆ

ಹೊಸ ಮೀನನ್ನು ಒಂದೆರಡು ದಿನ ಅಟ್ಟುವುದು ಸಹಜ. ಆದರೆ ಪೆಟ್ಟು ತಿಂದ ಮೀನು ಮೂಲೆ ಬಿಟ್ಟು ಬರದಿದ್ದರೆ, ಊಟಕ್ಕೂ ಬರದಿದ್ದರೆ, ರೆಕ್ಕೆ ಹರಿದಿದ್ದರೆ ಕಾಯುತ್ತಾ ಕೂರಬೇಡಿ. ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹೊಸ ಮೀನನ್ನಿಟ್ಟು ಅದೇ ತೊಟ್ಟಿಯಲ್ಲಿ ಒಂದು ವಾರ ತೂಗುಬಿಡಿ. ಒಬ್ಬರನ್ನೊಬ್ಬರು ನೋಡಿ ಅಭ್ಯಾಸವಾಗುತ್ತದೆ. ಕೆಲವು ಕಲ್ಲುಗಳ ಜಾಗ ಬದಲಿಸಿದರೆ ಟ್ರಿಗರ್‌ನ ಗಡಿ ಗೊಂದಲವಾಗಿ ಜಗಳ ತಗ್ಗುವುದೂ ಉಂಟು. ಇಷ್ಟಕ್ಕೂ ಬಗ್ಗದಿದ್ದರೆ ಟ್ರಿಗರನ್ನೇ ಬೇರೆ ಮಾಡಬೇಕು. ಇದಕ್ಕಾಗಿಯೇ, ದೊಡ್ಡದಾದರೆ ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂದು ಅಂಗಡಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೆರೆಗೋ ಬಾವಿಗೋ ಬಿಟ್ಟರೆ ಸಿಹಿನೀರಿನಲ್ಲಿ ಸಾಯುತ್ತದೆ. ಸಮುದ್ರಕ್ಕೆ ಬಿಟ್ಟರೆ ತೊಟ್ಟಿಯ ರೋಗ ಅಲ್ಲಿಗೂ ಹೋಗುತ್ತದೆ.

ಕರೆಂಟ್ ಹೋದಾಗ

ಹಳ್ಳಿ ಮನೆಗಳಲ್ಲಿ ಟ್ರಿಗರ್‌ಗಿಂತ ದೊಡ್ಡ ಶತ್ರು ಇದು. ಪಂಪು ನಿಂತರೆ ನೀರಿನ ಆಮ್ಲಜನಕ ಇಳಿಯುತ್ತದೆ. ದೊಡ್ಡ ಮೀನು ಇರುವ ತೊಟ್ಟಿಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಹರಿವಿನ ಪಂಪನ್ನು ಇನ್ವರ್ಟರಿಗೆ ಜೋಡಿಸಿ. ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದು ಸದಾ ಸಿದ್ಧವಿರಲಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಆಹಾರ ಹಾಕಬೇಡಿ.

ತೊಟ್ಟಿ 5 ಅಡಿಗಿಂತ ಚಿಕ್ಕದಿದ್ದರೆ, ಸಿಗಡಿ ಏಡಿಗಳ ಮೇಲೆ ಆಸೆ ಇದ್ದರೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಾದರೆ ಟ್ರಿಗರ್ ಬೇಡ ಎಂದೇ ನನ್ನ ಸಲಹೆ. ಇವೆಲ್ಲ ಸರಿ ಇದ್ದವರು ಬ್ಲೂ ಥ್ರೋಟ್ ಒಂದರಿಂದ ಶುರು ಮಾಡಿ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುವ ಮೀನಿದು. ಅಷ್ಟು ವರ್ಷ ಅದರ ಊಟ, ನೀರು, ಕರೆಂಟಿನ ಜವಾಬ್ದಾರಿ ನಮ್ಮದೇ ಎಂದು ಒಪ್ಪಿಕೊಂಡೇ ಹಣ ಕೊಡಬೇಕು.